ಪೇದೆಯ ದುಃಖ

ಅಜ್ಜಿ ತೀರಿಕೊಂಡಾಗ ಆ ಮನೆಯಲ್ಲಿ ಯಾರೂ ಅಳಲಿಲ್ಲ. ನಾಯಿ ಮಾತ್ರ ಮಂಕಾಯಿತು.

ಸಾವು ಬೆಳಗಿನ ಹೊತ್ತು ಬಂತು. ಅಡುಗೆಮನೆಯ ಸಿಂಕಿನ ಮುಂದೆ ಸೊಪ್ಪು ತೊಳೆಯುತ್ತಿದ್ದವರು ಅಲ್ಲೇ ಕುಸಿದರು. ನಲ್ಲಿ ತೆರೆದೇ ಇತ್ತು. ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ದುಡಿದು ನಿವೃತ್ತರಾಗಿದ್ದ ಅಜ್ಜ, ಬಹಳ ಹೊತ್ತಿನಿಂದ ನೀರು ಹರಿಯುತ್ತಿದೆಯಲ್ಲ ಎಂದು ನಲ್ಲಿ ನಿಲ್ಲಿಸಲು ಬಂದರು. ನಿಲ್ಲಿಸಿದ ಮೇಲೆ ಕೆಳಗೆ ನೋಡಿದರು.

ಅಂತ್ಯಕ್ರಿಯೆಯ ಮರುದಿನ ಮಗ ಕೆಲಸಕ್ಕೆ ಹೋದ. ಅವನದು ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜುಗಳನ್ನು ಚೌಕಟ್ಟಿನ ಅಳತೆಗೆ ಉಜ್ಜಿ ಕೂರಿಸುವ ಕೆಲಸ. ಸೊಸೆ ಗಣಿತದ ಟೀಚರು. ಅವಳೂ ಶಾಲೆಗೆ ಹೋದಳು. ಅದೇ ಶಾಲೆಯಲ್ಲಿ ಎಂಟನೆಯ ತರಗತಿ ಓದುತ್ತಿದ್ದ ಮೊಮ್ಮಗಳು ಪುಟ್ಟಿ ಬ್ಯಾಗು ಹೊತ್ತು ತಾಯಿಯ ಹಿಂದೆ ಹೊರಟಳು. ಅಜ್ಜ ಹಿಂದಿನ ಕೋಣೆಯಲ್ಲಿ ತಮ್ಮ ಹವ್ಯಾಸದ ಮುಂದೆ ಕೂತರು. ಬೆಂಕಿಕಡ್ಡಿಗಳನ್ನು ಅಂಟಿಸಿ ಹಳೆಯ ಪಂಪ್‌ಹೌಸಿನ ಮಾದರಿ ಕಟ್ಟುವುದು ಅವರ ಹವ್ಯಾಸ. ಮಾತಾಡಿಸಲು ಬಂದ ಪಕ್ಕದ ಮನೆಯ ದರ್ಜಿ ಬಾಗಿಲಲ್ಲೇ ನಿಂತು, "ಏನ್ ಮಾಡ್ತಿದೀರಾ?" ಎಂದು ಮೆಲ್ಲಗೆ ಕೇಳಿದ.

"ಕಿಟಕಿ," ಎಂದರು ಅಜ್ಜ.

ಆ ಮನೆಯಲ್ಲಿ ಮಾತೆಲ್ಲ ಅಜ್ಜಿಯ ಮೂಲಕ ಸಾಗುತ್ತಿತ್ತು. ಅಜ್ಜ ಒಂದು ಕಾಲದಲ್ಲಿ ಅವರಿವರ ಕೈಕಾಲು ಹಿಡಿದು ಮಗನಿಗೆ ಪಂಪ್‌ಹೌಸಿನಲ್ಲೇ ಕೆಲಸ ಕೊಡಿಸಿದ್ದರು. ಅವನು ಅದನ್ನು ಬಿಟ್ಟು ಗಾಜು ಉಜ್ಜಲು ಹೋದ. ಜಗಳ ಯಾವತ್ತೋ ಮುಗಿದಿತ್ತು. ಮಾತಾಡದಿರುವುದು ಅಭ್ಯಾಸವಾಗಿ ಉಳಿದಿತ್ತು. ಒಂದೇ ಮೇಜಿಗೆ ಕೂತು, 'ಇವನು ನಾಳೆ ತಡವಾಗಿ ಬರ್ತಾನಾ ಕೇಳು' ಎಂದು ಅಜ್ಜ, 'ಬರ್ತೀನಿ ಅಂತ ಹೇಳಮ್ಮ' ಎಂದು ಮಗ. ಸೊಸೆಯೂ ಮಾವನಿಗೆ ಹೇಳಬೇಕಾದ್ದನ್ನು ಅತ್ತೆಗೇ ಹೇಳಿ ಮುಗಿಸುತ್ತಿದ್ದಳು. ಅಜ್ಜಿ ಹೋದ ಮೇಲೆ ಆ ಕೆಲಸ ಪುಟ್ಟಿಯ ಹೆಗಲಿಗೆ ಬಂತು.

"ಪುಟ್ಟಿ, ಉಪ್ಪು ಈ ಕಡೆ ದಾಟಿಸಕ್ಕೆ ನಿಮ್ಮಪ್ಪಂಗೆ ಹೇಳು."

"ಅಜ್ಜ, ಅಪ್ಪ ಇಲ್ಲೇ ಇದಾರೆ."

"ಇರೋದು ಕಾಣ್ತಿದೆ. ಹೇಳು."

"ಅಪ್ಪ, ಉಪ್ಪು."

"ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟ್ರು ಹೇಳಿದಾರೆ ಅಂತ ಹೇಳು."

"ನಾನೇನು ಪೋಸ್ಟ್‌ಮ್ಯಾನಾ?" ಎಂದಳು ಪುಟ್ಟಿ.

"ನಿಮ್ಮಜ್ಜಿ ಮಾಡ್ಲಿಲ್ವಾ ಇಷ್ಟು ವರ್ಷ," ಎಂದಳು ಸೊಸೆ. ಎಲ್ಲರೂ ತಟ್ಟೆ ನೋಡಿದರು. ಅವಳೇ ಮಾತು ತಿರುಗಿಸಿದಳು. "ಅದಿರ್ಲಿ, ಬೆಣ್ಣೆ ಯಾರು ತಿಂತಿದೀರಾ? ಮೊನ್ನೆ ತಂದಿದ್ದು, ಇವತ್ತು ಡಬ್ಬಿ ಕೆರೀಬೇಕು. ಪುಟ್ಟಿ?"

"ಯಾವಾಗ್ಲೂ ನಾನೇನಾ?"

"ಇಲ್ಲಾಂದ್ರೆ ಇಲಿ ಬಂದು ಫ್ರಿಜ್ ತೆಗೀತಾ?"

ಯಾರೂ ಒಪ್ಪಿಕೊಳ್ಳಲಿಲ್ಲ. ಹೊಸ ಬೆಣ್ಣೆ ಬಂತು.

ನಾಯಿಯ ಹೆಸರು ಪೇದೆ. ಗೇಟಿಗೆ ಅಡ್ಡವಾಗಿ ಮಲಗಿ ಬಂದವರನ್ನೆಲ್ಲ ತಡೆದು, ಒಂದು ಬಿಸ್ಕತ್ತು ಕೈಗೆ ಬಿದ್ದರೆ ಸುಮ್ಮನೆ ಒಳಗೆ ಬಿಡುತ್ತಿದ್ದುದರಿಂದ ಅಜ್ಜಿ ಇಟ್ಟ ಹೆಸರು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಅದಕ್ಕೆ ಹಿಂದೊಮ್ಮೆ ಫಿಟ್ಸ್ ಬಂದು ಹಲ್ಲು ಕಚ್ಚಿಕೊಂಡು ಒದ್ದಾಡಿದಂದಿನಿಂದ ದಿನಕ್ಕೊಂದು ಮಾತ್ರೆ. ಪಶು ಆಸ್ಪತ್ರೆಯಿಂದ ತಂದ ದೊಡ್ಡ ಪ್ಲಾಸ್ಟಿಕ್ ಡಬ್ಬಿ ಫ್ರಿಜ್ಜಿನ ಮೇಲಿರುತ್ತಿತ್ತು. ಅಜ್ಜಿ ಬ್ರೆಡ್ಡಿನ ತುಂಡಿಗೆ ಬೆಣ್ಣೆ ಸವರಿ, ಮಾತ್ರೆಯನ್ನು ಒಳಗಿಟ್ಟು ಉಂಡೆ ಕಟ್ಟಿ ಬಾಯಿಗೆ ಹಾಕುತ್ತಿದ್ದರು. ನಾಯಿ ಅದನ್ನು ಅಗಿಯದೆ ನುಂಗುತ್ತಿತ್ತು.

ಈಗ ಅದು ಗೇಟಿನ ಹತ್ತಿರ ಹೋಗುವುದನ್ನು ಬಿಟ್ಟಿತು. ಸಿಂಕಿನ ಪಕ್ಕ, ಅಜ್ಜಿ ಬಿದ್ದ ಜಾಗದಲ್ಲೇ ಮೂತಿಯನ್ನು ನೆಲಕ್ಕೆ ಒತ್ತಿ ಮಲಗಿರುತ್ತಿತ್ತು. ಕಣ್ಣು ಅರ್ಧ ಮುಚ್ಚಿ, ಅಂಚಿನಲ್ಲಿ ನೀರು. ಎದ್ದರೆ ಹಿಂಗಾಲು ತೊಡರುತ್ತಿತ್ತು. ತಟ್ಟೆಗೆ ಹಾಕಿದ್ದು ಹಾಗೇ ಉಳಿಯುತ್ತಿತ್ತು.

ಮೊದಲು ಗಮನಿಸಿದವನು ದರ್ಜಿ.

"ನೋಡಿ ಹೇಗೆ ಕೊರಗ್ತಿದೆ ಪಾಪ! ಅಮ್ಮ ಬಿದ್ದ ಜಾಗ ಬಿಟ್ಟು ಕದಲ್ತಿಲ್ಲ. ನಾನು ಸತ್ರೆ ನಮ್ಮನೆ ಬೆಕ್ಕು ನನ್ನ ಕುರ್ಚಿ ಹಿಡ್ಕೊಳ್ಳುತ್ತೆ, ಅಷ್ಟೆ."

ಮಾತು ಬೀದಿ ದಾಟಿತು. ಹಾಲಿನವನು ಒಳಗೆ ಇಣುಕಿ ನೋಡಿ ಹೋದ. ಕ್ಷೌರದಂಗಡಿಯಲ್ಲಿ ಚರ್ಚೆಯಾಯಿತು. ವಾರದ ಕೊನೆಗೆ ಅಜ್ಜಿ ಹೋಗುತ್ತಿದ್ದ ಪ್ರಾರ್ಥನಾ ಮಂದಿರದ ಪ್ರವಚನಕಾರರೇ ಮನೆಗೆ ಬಂದರು. ತೆಳ್ಳಗಿನ, ಬಿಳಿ ಅಂಗಿಯ ಮನುಷ್ಯ. ಸಂತಾಪದ ನಾಲ್ಕು ಮಾತಾಡಿ, ಅಡುಗೆಮನೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತು ನಾಯಿಯನ್ನು ನೋಡಿದರು.

"ಮಾತು ಬಾರದ ಪ್ರಾಣಿ," ಎಂದರು. "ನಮಗೆಲ್ಲ ಪಾಠ ಇದು."

ಮುಂದಿನ ಪ್ರವಚನ ಪೂರ್ತಿ ನಾಯಿಯ ಮೇಲೇ ನಡೆಯಿತು. ಆ ದಿನ ಅಜ್ಜ ಮಂದಿರಕ್ಕೆ ಹೋಗಿದ್ದರು. ಹೆಂಡತಿ ಇರುವಷ್ಟು ಕಾಲ ಅದನ್ನು 'ಇವಳ ಕ್ಲಬ್ಬು' ಎನ್ನುತ್ತ ಹೊರಗಿನ ಕಲ್ಲುಬೆಂಚಿನಲ್ಲಿ ಕೂತು ಕಾಯುತ್ತಿದ್ದವರು, ಈಗ ಒಳಗೆ ಕೊನೆಯ ಸಾಲಿನಲ್ಲಿ ಕೂತರು. ಮುಗಿದ ಮೇಲೆ ಜನ ಸುತ್ತುವರಿದರು. ಅನ್ನ ತಿಂತಾ? ರಾತ್ರಿ ಅಳುತ್ತಾ? ಫೋಟೋ ಮುಂದೆ ಕೂರುತ್ತಾ? ಅಜ್ಜ ಎಲ್ಲದಕ್ಕೂ ಉತ್ತರ ಕೊಟ್ಟರು. ಮುಂದಿನ ವಾರ ಅವರಿಗೆ ಎರಡನೆಯ ಸಾಲಿನಲ್ಲಿ ಜಾಗ ಬಿಟ್ಟಿದ್ದರು.

"ಅಜ್ಜ, ನೀವು ದೇವರನ್ನ ನಂಬ್ತೀರಾ ಈಗ?" ಎಂದು ಪುಟ್ಟಿ ಕೇಳಿದಳು.

"ಫ್ಯಾನು ಚೆನ್ನಾಗಿದೆ ಅಲ್ಲಿ."

ಪುಟ್ಟಿ ಶಾಲೆಯಲ್ಲಿ 'ನಮ್ಮ ಮನೆಯ ನಾಯಿ' ಎಂಬ ಪ್ರಬಂಧ ಬರೆದಿದ್ದಳು. ನಾಯಿ ಹೇಗೆ ಮಲಗುತ್ತದೆ, ಹೇಗೆ ಉಣ್ಣುವುದಿಲ್ಲ, ಅಷ್ಟೇ. ಭಾಷಾ ಟೀಚರು ಅದನ್ನು ತರಗತಿಯಲ್ಲಿ ಓದಿ, ಕರ್ಚೀಫಿನಿಂದ ಮೂಗು ಒರೆಸಿಕೊಂಡು, ಸೂಚನಾ ಫಲಕಕ್ಕೆ ಹಚ್ಚಿಸಿದರು. ಆಮೇಲೆ ಅವಳನ್ನು ಪಕ್ಕಕ್ಕೆ ಕರೆದರು.

"ತುಂಬಾ ಚೆನ್ನಾಗಿದೆ. ಕೊನೆ ಸ್ವಲ್ಪ ಸಪ್ಪೆ. ನಾಯಿ ಸತ್ರೆ ಮುಕ್ತಾಯ ಸಿಗುತ್ತೆ."

"ಮಿಸ್, ಅದು ಸತ್ತಿಲ್ಲ."

"ಅವಸರ ಏನಿಲ್ಲ. ಸ್ಪರ್ಧೆ ಇರೋದು ಮುಂದಿನ ತಿಂಗಳು."

ಸ್ಟಾಫ್ ರೂಮಿನಲ್ಲಿ ಸೊಸೆಯ ಕೈ ಹಿಡಿದು ಸಮಾಧಾನ ಹೇಳಿದವರು ಯಾರೂ ಅತ್ತೆಯ ಬಗ್ಗೆ ಕೇಳಲಿಲ್ಲ. ನಾಯಿ ಹೇಗಿದೆ ಎಂದು ಕೇಳಿದರು. "ಹಾಗೇ ಇದೆ," ಎಂದು ಅವಳು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದಳು.

ಒಂದು ಭಾನುವಾರ ಪೇದೆ ಹಿತ್ತಲ ಮೆಟ್ಟಿಲು ಇಳಿಯುವಾಗ ಮುಗ್ಗರಿಸಿತು. ಗದ್ದ ಕಲ್ಲಿಗೆ ಬಡಿದು ರಕ್ತ ಬಂತು. ಬಿದ್ದದ್ದು ಏಳಲಿಲ್ಲ, ಬಿದ್ದಲ್ಲೇ ನಿದ್ದೆಹೋಯಿತು. ಮಗ ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಸ್ಕೂಟರಿನ ಮುಂದೆ ಇಟ್ಟುಕೊಂಡ. ಪುಟ್ಟಿ ಹಿಂದೆ ಕೂತು ನಾಯಿಯ ತಲೆ ಹಿಡಿದಳು.

ಪಶು ವೈದ್ಯೆ ನಡುವಯಸ್ಸಿನವರು, ಮಾತು ಕಮ್ಮಿ. ನಾಯಿಯ ರೆಪ್ಪೆ ಎತ್ತಿ ಟಾರ್ಚು ಬಿಟ್ಟರು. ಒಸಡು ಒತ್ತಿದರು. ಹಿಂಗಾಲಿನ ಪಾದ ಮಡಿಸಿ ಬಿಟ್ಟು ನೋಡಿದರು. ಪಾದ ಮಡಿಸಿದಂತೆಯೇ ಉಳಿಯಿತು.

"ಅದಕ್ಕೆ ದುಃಖ ಡಾಕ್ಟ್ರೇ," ಎಂದಳು ಪುಟ್ಟಿ. "ನಮ್ಮಜ್ಜಿ ಹೋದ್ಮೇಲೆ ಹೀಗಾಗಿದೆ."

"ಫಿಟ್ಸ್ ಮಾತ್ರೆ ನಡೀತಿದೆಯಾ?"

"ಒಂದು ದಿನಾನೂ ತಪ್ಪಿಲ್ಲ," ಎಂದ ಮಗ.

"ಕೊಡೋರು ಯಾರು?"

"ನಾನು," ಎಂದ ಮಗ.

"ನಾನು," ಎಂದಳು ಪುಟ್ಟಿ, ಅದೇ ಉಸಿರಿನಲ್ಲಿ.

ವೈದ್ಯೆ ಟಾರ್ಚು ಆರಿಸಿ ಇಬ್ಬರನ್ನೂ ನೋಡಿದರು. "ಮನೇಲಿ ಇನ್ಯಾರಿದಾರೆ?"

ರಕ್ತ ತೆಗೆದು ಪರೀಕ್ಷೆಗೆ ಇಟ್ಟುಕೊಂಡು, ಗಾಯಕ್ಕೆ ಎರಡು ಹೊಲಿಗೆ ಹಾಕಿ, ವೈದ್ಯೆ ಹೇಳಿದ್ದು ಇಷ್ಟು. ಇದು ದುಃಖವಲ್ಲ, ಔಷಧಿ ಮಿತಿಮೀರಿದೆ. ನಾಯಿಗೆ ಎಚ್ಚರವೇ ಆಗುತ್ತಿಲ್ಲ. ಹೀಗೇ ಮುಂದುವರಿದರೆ ಲಿವರ್ ಹೋಗುತ್ತದೆ, ನಾಯಿ ಉಳಿಯುವುದಿಲ್ಲ. ಹಾಗಂತ ಒಮ್ಮೆಲೇ ನಿಲ್ಲಿಸುವಂತೆಯೂ ಇಲ್ಲ, ಫಿಟ್ಸ್ ಮರಳಿ ಬರುತ್ತದೆ. ಹಂತಹಂತವಾಗಿ ಇಳಿಸಬೇಕು. "ಕೊಡೋ ಕೈ ಒಂದೇ ಇರ್ಲಿ. ಉಳಿದೋರು ಕೈ ಕಟ್ಕೊಂಡು ಕೂತ್ಕೊಳ್ಳಿ," ಎಂದರು.

ಮಧ್ಯಾಹ್ನದ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಅನ್ನ. ಮಗ ಕೈ ತೊಳೆಯದೆ ಬಂದು ಕೂತ. "ಪೇದೆಗೆ ಮಾತ್ರೆ ಯಾರ್ಯಾರು ಕೊಡ್ತಿದ್ರಿ?" ಎಂದು ಯಾರನ್ನೂ ನೋಡದೆ ಕೇಳಿದ.

ಸೊಸೆಯ ಕೈಯಲ್ಲಿ ಚಮಚ ನಿಂತಿತು. "ನಾನು. ಬೆಳಿಗ್ಗೆ ಟಿಫನ್ ಕಟ್ಟೋವಾಗ. ಯಾಕೆ?"

"ನಾನು ಎದ್ದ ತಕ್ಷಣ ಕೊಡ್ತೀನಿ. ನೀನು ಸ್ನಾನಕ್ಕೆ ಹೋದಾಗ."

"ನಾನು ಸ್ಕೂಲಿಂದ ಬಂದು," ಎಂದಳು ಪುಟ್ಟಿ.

"ಒಂದು ಮಾತು ಹೇಳಕ್ಕಾಗಲ್ವೇನ್ರೀ?" ಎಂದಳು ಸೊಸೆ ಗಂಡನಿಗೆ.

"ನೀನು ಹೇಳಿದ್ಯಾ?"

"ನನಗೆ ಅತ್ತೆ ಹೇಳಿದ್ರು. ಎದೆನೋವು ಅಂತ ಟೆಸ್ಟ್ ಮಾಡಿಸ್ಕೊಂಡು ಬಂದ್ರಲ್ಲ, ಆ ವಾರ. ನನಗೇನಾದ್ರೂ ಆದ್ರೆ ಪೇದೆ ಮಾತ್ರೆ ನಿನ್ನ ಜವಾಬ್ದಾರಿ, ಈ ಮನೇಲಿ ನಾನು ನಂಬೋದು ನಿನ್ನೊಬ್ಬಳನ್ನೇ ಅಂದ್ರು. ಬೇರೆಯವ್ರಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾರೆ ಅಂದ್ರು."

ಮಗ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದವನು ನಿಲ್ಲಿಸಿದ. "ನನಗೂ ಅದೇ ಹೇಳಿದ್ಲು."

"ಏನಂತ?"

"ಅದೇ. ನಿನ್ನೊಬ್ಬನನ್ನೇ ಅಂತ."

"ನನಗೆ ಕಿವೀಲಿ ಹೇಳಿದ್ರು," ಎಂದಳು ಪುಟ್ಟಿ. "ದೊಡ್ಡೋರನ್ನ ನಂಬಿದ್ರೆ ನಾಯಿ ಕತೆ ಮುಗೀತು, ನೀನೇ ನೋಡ್ಕೋಬೇಕು ಅಂತ."

ಅಜ್ಜ ನೀರಿನ ಲೋಟ ಕೆಳಗಿಟ್ಟರು.

"ಸಂಜೆ ಟೀ ಹೊತ್ತಿಗೆ," ಎಂದರು. "ನಾನೂ ಕೊಡ್ತಿದ್ದೆ."

"ನಿಮಗೇನು ಹೇಳಿದ್ರು, ಮಾವ?"

"ಏನೋ ಹೇಳಿದ್ಲು," ಎಂದು ಅಜ್ಜ ಎದ್ದು ಕೋಣೆಗೆ ಹೋದರು. ಅನ್ನ ಅರ್ಧ ಉಳಿದಿತ್ತು.

ಎದೆಯ ಪರೀಕ್ಷೆಯಲ್ಲಿ ಏನು ಬಂದಿತ್ತು ಎಂದು ಅಜ್ಜಿಯನ್ನು ಆಗ ಯಾರೂ ಸರಿಯಾಗಿ ಕೇಳಿರಲಿಲ್ಲ. ಆ ದಿನವೂ ಆ ವಿಷಯ ಯಾರೂ ಎತ್ತಲಿಲ್ಲ. ಸೊಸೆ ಪಾತ್ರೆ ತೊಳೆದಳು. ಮಗ ನಾಯಿಯನ್ನು ಎತ್ತಿ ತಂದು ಸಿಂಕಿನ ಪಕ್ಕ ಮಲಗಿಸಿದ. ಅದರ ನೀರಿನ ಬಟ್ಟಲು ಮೊದಲಿನಿಂದಲೂ ಅಲ್ಲೇ ಇದ್ದದ್ದು ಪುಟ್ಟಿಯ ಗಮನಕ್ಕೆ ಆಗ ಬಂತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ.

ಕೊಡುವ ಕೈ ಸೊಸೆಯದಾಯಿತು. ಡಬ್ಬಿಯನ್ನು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿ, ವೈದ್ಯೆ ಹೇಳಿದಂತೆ ಇಳಿಸುತ್ತ ಬಂದಳು. ಪುಟ್ಟಿ ಶಾಲೆಯ ಫಲಕದಿಂದ ಪ್ರಬಂಧ ತೆಗೆಸು ಎಂದು ತಾಯಿಯ ಬೆನ್ನು ಹತ್ತಿದಳು.

"ಅದು ಸುಳ್ಳಮ್ಮ."

"ಸುಳ್ಳಲ್ಲ. ನೀನು ಕಂಡದ್ದು ಬರೆದೆ."

"ಕೊರಗ್ತಿದೆ ಅಂತ ಬರೆದಿದೀನಿ."

"ಸುಮ್ನಿರು. ಈಗ ತೆಗೆದ್ರೆ ಯಾಕೆ ಅಂತ ಕೇಳ್ತಾರೆ. ನಾಲ್ಕು ಜನ ಸೇರ್ಕೊಂಡು ನಾಯಿಗೆ ವಿಷ ಹಾಕ್ತಿದ್ವಿ ಅಂತ ಸ್ಟಾಫ್ ರೂಮಲ್ಲಿ ಹೇಳ್ಲಾ?"

ದಿನಗಳು ಕಳೆದವು. ನಾಯಿ ಒಂದೆರಡು ದಿನ ತಲೆ ಎತ್ತಿದಂತೆ ಕಂಡು ಮತ್ತೆ ಮಲಗಿತು. ಮಂದಿರದಲ್ಲಿ ಅಜ್ಜಿಯ ನೆನಪಿನ ಸಭೆ ಗೊತ್ತುಮಾಡಿದ್ದರು. ನಾಯಿಯನ್ನೂ ಕರೆತನ್ನಿ, ಜನ ನೋಡಬೇಕು ಅಂತಾರೆ ಎಂದು ಪ್ರವಚನಕಾರರು ಅಜ್ಜನಿಗೆ ಹೇಳಿದ್ದರು. ಅಜ್ಜ ಹೂಂ ಎಂದಿದ್ದರು. ಮನೆಯಲ್ಲಿ ತಿಳಿದದ್ದನ್ನು ಅಲ್ಲಿ ಹೇಳಿರಲಿಲ್ಲ.

ಎರಡನೆಯ ಸಲ ರಕ್ತ ಪರೀಕ್ಷೆ ಮಾಡಿದ ವೈದ್ಯೆ ಮಗನ ಅಂಗಡಿಗೇ ಫೋನು ಮಾಡಿದರು. "ಔಷಧಿ ಪ್ರಮಾಣ ಇಳಿದೇ ಇಲ್ಲ. ನಿಮ್ಮನೇಲಿ ಇನ್ನೂ ಯಾರೋ ಕೊಡ್ತಿದಾರೆ. ಲಿವರ್‌ಗೆ ಆಗ್ಲೇ ಪೆಟ್ಟು ಬಿದ್ದಿದೆ. ನನ್ನಿಂದ ಇನ್ನು ಮಾಡೋದು ಏನೂ ಇಲ್ಲ, ನೀವೇ ಪತ್ತೆ ಹಚ್ಚಿ."

ಅವನು ಅಂಗಡಿಯಿಂದ ಬೇಗ ಬಂದು ಹೆಂಡತಿಗೆ ಹೇಳಿದ. ಅವಳು ನೇರ ಪುಟ್ಟಿಯ ಮುಂದೆ ಹೋಗಿ ನಿಂತಳು.

"ಎಲ್ಲಿಟ್ಟಿದೀಯ?"

"ಏನು?"

"ಮಾತ್ರೆ. ಡಬ್ಬಿ ಬೀಗ ಹಾಕೋ ಮುಂಚೆ ತೆಗೆದಿಟ್ಕೊಂಡಿದೀಯ. ಪ್ರಬಂಧಕ್ಕೆ ಬಹುಮಾನ ಬರ್ಲಿ ಅಂತ ನಾಯೀನ ಮಲಗಿಸಿ ಇಟ್ಟಿದೀಯ ಅಲ್ವಾ?"

"ನಾನಾ? ತೆಗೆಸು ಅಂತ ಹೇಳಿದ್ದೇ ನಾನು!"

"ಬೆಣ್ಣೆನೂ ನೀನಲ್ಲ ಅಂದಿದ್ದೆ."

"ಬೆಣ್ಣೆ ನೀವೆಲ್ಲರೂ ತೆಗೆದಿದ್ರಿ!" ಪುಟ್ಟಿಯ ದನಿ ಒಡೆಯಿತು. "ಎಲ್ಲದಕ್ಕೂ ನಾನೇ. ಹೇಳಕ್ಕೂ ನಾನೇ, ಕೇಳಕ್ಕೂ ನಾನೇ, ಬೈಸ್ಕೊಳ್ಳಕ್ಕೂ ನಾನೇ."

ಸೊಸೆ ಕೈ ಎತ್ತಿದಳು. ಹಿಂದಿನ ಕೋಣೆಯ ಬಾಗಿಲಲ್ಲಿ ಅಜ್ಜ ನಿಂತಿದ್ದರು. ಅಂಟು ಮೆತ್ತಿದ ಬೆರಳುಗಳನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು.

"ಅವಳನ್ನ ಬಿಡು," ಎಂದರು. "ನಾನು ಕೊಟ್ಟೆ."

ಸೊಸೆಯ ಕೈ ಇಳಿಯಿತು. ಮಗ ಪುಟ್ಟಿಯ ಕಡೆ ತಿರುಗಿ ಬಾಯಿ ತೆರೆದ. 'ಯಾಕೆ ಅಂತ ಕೇಳು' ಎನ್ನುವವನಿದ್ದ. ಅವಳು ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡಿದ್ದಳು. ಅವನು ತಂದೆಯ ಕಡೆ ತಿರುಗಬೇಕಾಯಿತು.

"ಯಾಕೆ?" ಎಂದ.

"ಎರಡು ದಿನ ಸ್ವಲ್ಪ ಎದ್ದಿತ್ತು. ಬಾಲ ಅಲ್ಲಾಡಿಸ್ತು. ಹಾಲಿನವನನ್ನ ನೋಡಿ ಬೊಗಳ್ತು."

"ಅದು ಒಳ್ಳೇದಲ್ವಾ?"

"ಅದೂ ಎದ್ದು ಓಡಾಡಿದ್ರೆ ಈ ಮನೇಲಿ ಅವಳಿಗೋಸ್ಕರ ಮಂಕಾಗಿರೋರು ಯಾರಿದಾರೆ?"

"ನಾವಿಲ್ವಾ?"

"ನೀನು ಮಾರನೇ ದಿನ ಅಂಗಡಿಗೆ ಹೋದೆ."

"ನೀವು ಅವತ್ತೇ ಕೂತು ಊಟ ಮಾಡಿದ್ರಿ. ಎರಡನೇ ಸಲ ಅನ್ನ ಹಾಕಿಸ್ಕೊಂಡ್ರಿ."

"ಹಸಿವಾಗಿತ್ತು."

"ನನಗೆ ಮನೇಲಿ ಇರಕ್ಕಾಗ್ಲಿಲ್ಲ."

"ಹೇಳ್ಬೇಕಿತ್ತು."

"ಯಾರ ಹತ್ರ?" ಎಂದ ಮಗ.

ಅಜ್ಜ ಕೋಣೆಗೆ ಹೋಗಿ, ಡಬ್ಬಿಗೆ ಬೀಗ ಬೀಳುವ ಮೊದಲೇ ಕಾಗದದಲ್ಲಿ ಕಟ್ಟಿ ಅಂಗಿಯ ಜೇಬಿನಲ್ಲಿಟ್ಟಿದ್ದ ಮಾತ್ರೆಗಳನ್ನು ತಂದು ಮೇಜಿನ ಮೇಲಿಟ್ಟರು. ಸೊಸೆ ಅದನ್ನು ತೆಗೆದು ಬೀರುವಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಟೀ ಮಾಡಿದಳು. ಪುಟ್ಟಿಯ ಲೋಟಕ್ಕೆ ಸಕ್ಕರೆ ಎರಡು ಚಮಚ ಹಾಕಿ ಮುಂದೆ ಇಟ್ಟು, "ಕುಡಿ," ಎಂದಳು. ಪುಟ್ಟಿ ಕುಡಿಯಲಿಲ್ಲ. ಆರಿದ ಮೇಲೆ ಕುಡಿದಳು.

ಪೇದೆ ನಿಧಾನವಾಗಿ ಎದ್ದಿತು. ಮೊದಲು ಗೋಡೆಗೆ ಒರಗಿ ನಿಂತಿತು. ಆಮೇಲೆ ಹಿತ್ತಲಿಗೆ ಹೋಗಿ ಬಂತು. ಒಂದು ಬೆಳಿಗ್ಗೆ ತಟ್ಟೆ ಖಾಲಿ ಮಾಡಿ, ತಟ್ಟೆಯನ್ನೇ ಬಾಯಲ್ಲಿ ಕಚ್ಚಿಕೊಂಡು ಮನೆಯೆಲ್ಲ ಸುತ್ತಿತು. ಅಜ್ಜಿಯ ಕೋಣೆಗೂ ಹೋಯಿತು, ಮಂಚದ ಕೆಳಗೆ ಮೂಸಿತು, ಒಂದು ಹಳೆಯ ಚಪ್ಪಲಿ ಸಿಕ್ಕಿದ್ದಕ್ಕೆ ಖುಷಿಪಟ್ಟು ಹಿತ್ತಲಿಗೆ ಒಯ್ದು ಸಿಗಿದು ಹಾಕಿತು. ಚಪ್ಪಲಿ ಅಜ್ಜಿಯದು. ಮನೆಯವರು ನಿಂತು ನೋಡಿದರು. ಯಾರೂ ಬೈಯಲಿಲ್ಲ. ದರ್ಜಿ ಬೇಲಿಯಾಚೆಯಿಂದ, "ಅರೆ, ಇಷ್ಟು ಬೇಗ ಮರೆತುಬಿಡ್ತಾ?" ಎಂದು, ಏನೋ ಮೋಸಹೋದವನ ಹಾಗೆ ಒಳಗೆ ಹೋದ.

ನೆನಪಿನ ಸಭೆಯ ಸಂಜೆ ಪ್ರವಚನಕಾರರು ನಾಯಿಯನ್ನು ಕರೆದೊಯ್ಯಲು ತಾವೇ ಬಂದರು. ಜೊತೆಗೆ ಮಂದಿರದ ಕಾರ್ಯದರ್ಶಿ, ದಪ್ಪ ಕನ್ನಡಕದ ಹೆಂಗಸು. ನಾಯಿಗೆ ಅಂತ ಒಂದು ಹೂವಿನ ಹಾರ ತಂದಿದ್ದರು.

ಪೇದೆ ಗೇಟಿನಿಂದಲೇ ಅವರನ್ನು ತಡೆಯಿತು. ಹಿಂಗಾಲ ಮೇಲೆ ಎದ್ದು, ಕೆಸರು ಕಾಲನ್ನು ಪ್ರವಚನಕಾರರ ಬಿಳಿ ಅಂಗಿಯ ಮೇಲೆ ಊರಿ, ಹಾರವನ್ನು ಮೂಸಿ, ತಿನ್ನುವ ವಸ್ತುವಲ್ಲ ಎಂದು ತಿಳಿದು ಬಿಟ್ಟುಬಿಟ್ಟಿತು. ಒಳಗೆ ಸೊಸೆ ಬಿಸ್ಕತ್ತು ತಂದಿಟ್ಟದ್ದೇ ತಡ, ಎರಡು ಒಟ್ಟಿಗೆ ಎಳೆದುಕೊಂಡಿತು.

"ದುಃಖ ಸ್ವಲ್ಪ ಇಳಿದಿದೆ ಅನ್ನಿ," ಎಂದರು ಪ್ರವಚನಕಾರರು, ಅಂಗಿ ಒರೆಸಿಕೊಳ್ಳುತ್ತ.

"ದುಃಖ ಇರ್ಲಿಲ್ಲ," ಎಂದರು ಅಜ್ಜ. "ಮಾತ್ರೆ ಜಾಸ್ತಿ ಆಗಿತ್ತು. ನಾಲ್ಕೂ ಜನ ಕೊಟ್ವಿ. ಆಮೇಲೆ ಗೊತ್ತಿದ್ದೂ ನಾನೊಬ್ಬ ಕೊಟ್ಟೆ."

ಕಾರ್ಯದರ್ಶಿ ಹಾರವನ್ನು ಚೀಲಕ್ಕೆ ಹಾಕಿದರು. ಪ್ರವಚನಕಾರರು ಟೀ ಲೋಟ ಕೆಳಗಿಟ್ಟು ಗಡಿಯಾರ ನೋಡಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಸಭೆಗೆ ಇನ್ನು ಸ್ವಲ್ಪವೇ ಹೊತ್ತಿತ್ತು.

"ನಾನು ನಾಯಿ ಬಗ್ಗೆನೇ ಮಾತಾಡಬೇಕು ಅಂತಿದ್ದೆ," ಎಂದರು. "ಈಗ ಏನು ಹೇಳ್ಲಿ?"

"ಅವಳ ಬಗ್ಗೆ ಹೇಳಿ."

"ಹೇಳ್ತೀನಿ. ಒಳ್ಳೆ ಹೆಣ್ಣುಮಗಳು, ಭಕ್ತಿ ಇತ್ತು, ಕುಟುಂಬಕ್ಕಾಗಿ ಜೀವ ತೇದರು. ಅದೆಲ್ಲ ಎಲ್ಲರಿಗೂ ಹೇಳೋದೇ. ಅವರದೇ ಅಂತ ಒಂದೆರಡು ಮಾತು ಬೇಕಲ್ಲ. ನೀವು ಹೇಳಿ."

ಇಷ್ಟು ವಾರಗಳಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಪುಟ್ಟಿ ಉಗುರು ಕಚ್ಚಿದಳು. ಸೊಸೆ ತಟ್ಟೆಯನ್ನು ನಾಯಿಗೆ ಎಟುಕದಂತೆ ಮೇಲಿಟ್ಟಳು.

"ಶ್ರುತಿ ತಪ್ಪಿ ಹಾಡ್ತಿದ್ಲು," ಎಂದರು ಅಜ್ಜ.

"ಅಂದ್ರೆ?"

"ನಿಮ್ಮ ಮಂದಿರದಲ್ಲಿ. ಎಲ್ಲರೂ ಒಂದು ಕಡೆ ಹೋದ್ರೆ ಇವಳು ಇನ್ನೊಂದು ಕಡೆ. ನಾನು ಹೊರಗೆ ಬೆಂಚಿನ ಮೇಲೆ ಕೂತಿರ್ತಿದ್ದೆ. ಅಷ್ಟು ಜನ ಹಾಡಿದ್ರೂ ಇವಳೊಬ್ಬಳ ದನಿ ಗೊತ್ತಾಗ್ತಿತ್ತು."

"ಗೊತ್ತಾಗದೆ ಏನು," ಎಂದುಬಿಟ್ಟರು ಕಾರ್ಯದರ್ಶಿ. "ಪಕ್ಕದಲ್ಲಿ ನಿಲ್ತಿದ್ದೋಳು ನಾನು. ಎಷ್ಟೋ ಸಲ ಮೆಲ್ಲಗೆ ಹಾಡೀಮ್ಮ ಅಂದೆ. ಅದಕ್ಕೆ ಅವರು, ಹೊರಗೆ ಕೂತಿರೋರಿಗೆ ಕೇಳ್ಬೇಡ್ವಾ ಅನ್ನೋರು."

ಅಜ್ಜ ಅವರನ್ನು ನೋಡಿದರು. "ಹಾಗಂದ್ಲಾ?"

"ಪ್ರತಿ ವಾರ."

"ಒಳಗೆ ಬಾ ಅಂತ ನನ್ನನ್ನ ಒಂದು ಸಲಾನೂ ಕರೀಲಿಲ್ಲ ಅವಳು," ಎಂದರು ಅಜ್ಜ.

"ನೀವು ಬರಲ್ಲ ಅಂತ ಗೊತ್ತಿತ್ತಪ್ಪ ಅಮ್ಮಂಗೆ," ಎಂದ ಮಗ.

"ಹೌದು. ಬರ್ತಿರ್ಲಿಲ್ಲ."

ಪ್ರವಚನಕಾರರು ಮುಂದಕ್ಕೆ ಬಾಗಿ, "ಇದನ್ನ ಸಭೇಲಿ ಹೇಗೆ ಹೇಳೋದು?" ಎಂದು ಕೇಳಿದರು.

"ಹಾಗೇ ಹೇಳಿ. ಶ್ರುತಿ ತಪ್ಪಿ..." ಎಂದ ಅಜ್ಜನಿಗೆ ವಾಕ್ಯ ಮುಗಿಸಲಾಗಲಿಲ್ಲ. ಇನ್ನೊಮ್ಮೆ ಶುರುಮಾಡಿದರು. ಗಂಟಲಿಂದ ಬಂದದ್ದು ಮಾತಾಗಿರಲಿಲ್ಲ. ಕೈಯಲ್ಲಿದ್ದ ಲೋಟ ವಾಲಿ ಟೀ ಪಂಚೆಯ ಮೇಲೆ ಚೆಲ್ಲಿತು. ಮಗ ಎದ್ದು ಬಂದು ಲೋಟ ತೆಗೆದುಕೊಂಡ, ಎಲ್ಲಿಡುವುದೆಂದು ತಿಳಿಯದೆ ಹಿಡಿದು ನಿಂತ. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಪೇದೆ ಕಾಲುಗಳ ನಡುವೆ ನುಸುಳಿ, ಒಬ್ಬೊಬ್ಬರ ಮುಂದೆಯೂ ಕೂತು, ಬಾಲ ಬಡಿದು, ಬಿಸ್ಕತ್ತಿಗಾಗಿ ಕಾದಿತು. ಅದರ ಕಡೆ ಯಾರೂ ನೋಡಲಿಲ್ಲ.